ಚೌಡಮ್ಮನಿಗೆ ಬಿಟ್ಟ ಗೇಣು

ಗಂಜಿಯ ವಾಸನೆಗೆ ಮನುಷ್ಯರನ್ನು ನಡುಬೀದಿಯಲ್ಲಿ ನಿಲ್ಲಿಸುವ ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಈ ಐಪ್ಪಸಿ, ಅಂದರೆ ದೀಪಾವಳಿಯ ತಿಂಗಳ, ಒಂದು ಶುಕ್ರವಾರ ಧರ್ಮಪುರಿಯಿಂದ ಬಸ್ಸು ಹತ್ತಿ ಸೇಲಂಗೆ ಬಂದು, ನಮ್ಮ ಹಳೆಯ ಬೀದಿಯ ಚೌಡಮ್ಮನ ಗುಡಿಗೆ ಹೋಗುತ್ತಿದ್ದೆ. ಮಗಳ ಮನೆ ಸೇರಿದ ಮೇಲೆ ವರ್ಷಕ್ಕೊಂದು ಸಲ ಹೀಗೆ ಬರುತ್ತೇನೆ. ಆ ದಿನ ಪೂಜೆ ಆಗುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಮಳೆ ಹನಿಯುತ್ತಿತ್ತು. ಒಂದು ಮನೆಯ ಜಗಲಿಯಲ್ಲಿ ಅಕ್ಕಿಗಂಜಿ ಹಚ್ಚಿದ ನೂಲು ಒಣಗದೆ ಜೋತಾಡುತ್ತಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ಕಾಲು ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ಎಳೆ ಕಿತ್ತೋಗ್ತಾನೇ ಐತಲ್ಲೇ, ಮಾಮನ್ನ ಕೇಳ್ದಾ?"

"ಕೇಳ್ತಾ ಇವ್ನಿ, ಇರು ಅತ್ತೆ. ಮಾಮಂಗೂ ಚಾರ್ಜ್ ಬೇಕಲ್ಲ!"

ಮಾಮ ಎಂದರೆ ನಮ್ಮ ಯಜಮಾನರು. ಅವರು ತೀರಿಕೊಂಡು ವರ್ಷಗಳಾದವು. ಬೀದಿಯವರು ಇನ್ನೂ ಅವರನ್ನು ಕೇಳುತ್ತಲೇ ಇದ್ದಾರೆ. ಇದು ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ ಒಂದು ಮಳೆಗಾಲದ ಕತೆ ಹೇಳಬೇಕು.

ನನ್ನ ತವರು ನಂಗವಳ್ಳಿ. ಕನ್ನಡ ಅಕ್ಷರ ಕಲಿಸಿದವರು ನಮ್ಮಜ್ಜ, ದೇವರ ಪದಗಳನ್ನು ಓದಲಿ ಎಂದು. ಅದಕ್ಕೇ ಇದನ್ನು ಹೀಗೆ ಬರೆಯಲು ಆಗುತ್ತಿದೆ. ಸೇಲಂನ ನಮ್ಮ ಬೀದಿಯಲ್ಲಿ ಕನ್ನಡ ಬಾಯಲ್ಲಿದೆ, ಬರವಣಿಗೆಯಲ್ಲಿ ಇಲ್ಲ. ಮದುವೆಯಾಗಿ ಬಂದಾಗ ಆ ಬೀದಿಯಲ್ಲಿ ಮನೆಮನೆಗೂ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿಮಗ್ಗವಿತ್ತು. ನಮ್ಮನೆಯವರೂ ನೇಯುತ್ತಿದ್ದರು, ಆದರೆ ಬೀದಿಗೆ ಅವರು ಬೇಕಾಗಿದ್ದುದು ಬೇರೆ ಕೆಲಸಕ್ಕೆ. ಬಟ್ಟೆ ಕೆಟ್ಟರೆ, ಅಂಚು ಎಳೆದರೆ, ನಡುವೆ ಗೆರೆ ಬಿದ್ದರೆ ಅವರನ್ನು ಕರೆಯುತ್ತಿದ್ದರು. ಇವರು ಹೋಗಿ ಮಗ್ಗವನ್ನು ಮುಟ್ಟುತ್ತಿರಲಿಲ್ಲ. ಕುಣಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಬರೀ ಕೇಳುವುದು. ಗಂಜಿ ಯಾವಾಗ ಹಾಕಿದಿರಿ, ನೂಲು ಒಣಗಿದ್ದು ಬಿಸಿಲಿನಲ್ಲೋ ನೆರಳಿನಲ್ಲೋ, ನಿನ್ನೆ ಮಗ್ಗದಲ್ಲಿ ಕೂತವರು ಯಾರು, ಗೋಡೆ ಸೋರುತ್ತದೆಯೇ. ಕೇಳಿ ಕೇಳಿ, ಕೊನೆಗೆ ಇಂಥದ್ದು ಎನ್ನುವರು. "ಖಂಡಿತಾನಾ ಅಣ್ಣಾ?" ಎಂದು ಯಾರಾದರೂ ಕೇಳಿದರೆ "ಹತ್ತಕ್ಕೆ ಒಂಬತ್ತು" ಎಂದು ಎದ್ದು ಬರುವರು.

ಹತ್ತಕ್ಕೆ ಹತ್ತು ಎಂದು ಅವರ ಬಾಯಲ್ಲಿ ಒಂದು ಸಲವೂ ನಾನು ಕೇಳಿದ್ದಿಲ್ಲ. ನಮ್ಮ ಮನೆಗಳಲ್ಲಿ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲನ್ನು, ಕೊನೆಯವರೆಗೆ ನೇಯುವುದಿಲ್ಲ. ಒಂದು ಗೇಣು ಚೌಡಮ್ಮನಿಗೆ ಎಂದು ಬಿಟ್ಟು ಕತ್ತರಿಸುತ್ತೇವೆ. ಆ ಗೇಣಿಗೇ ಮುಂದಿನ ಹಾಸಿನ ಎಳೆಗಳನ್ನು ಬೆಸೆಯುವುದು. ಮಾತಿನಲ್ಲೂ ಹಾಗೆಯೇ ಬಿಡಬೇಕೆಂದು ಅವರ ಅಪ್ಪ ಕಲಿಸಿದ್ದರಂತೆ.

ನಾನು ಹೇಳಹೊರಟ ಆ ವರ್ಷ ಆಡಿ, ಅಂದರೆ ಆಷಾಢದಲ್ಲಿ ಅವರ ದನಿ ಒಡೆಯಿತು. ಆಡಿಯ ಗಾಳಿ, ಧೂಳು ಎಂದುಕೊಂಡೆವು. ಮೆಣಸು, ತುಳಸಿ, ಬೆಲ್ಲ ಹಾಕಿ ಕಷಾಯ ಕಾಯಿಸಿ ಕೊಟ್ಟೆ. ಮುಂದಿನ ತಿಂಗಳು ಆವಣಿ ಕಳೆದರೂ ದನಿ ಕೂಡಲಿಲ್ಲ. ಅದರ ಮರುತಿಂಗಳು ಪುರಟ್ಟಾಸಿಯಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಒಳ್ಳೆಯ ಮನಸ್ಸಿನವರು, ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. ದನಿಯ ಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು. ದೀಪಾವಳಿ ಕಳೆದ ವಾರ ಆಪರೇಷನ್.

"ಪತ್ತುಕ್ಕು ಒಂಬದು ನಲ್ಲಾಯಿಡುಂ ಅಮ್ಮಾ. ಆನಾ ಕುರಲ್ ತಿರುಂಬಾದು" ಎಂದರು. ಹತ್ತಕ್ಕೆ ಒಂಬತ್ತು ವಾಸಿಯಾಗುತ್ತದೆ, ಆದರೆ ದನಿ ಮತ್ತೆ ಬರುವುದಿಲ್ಲ.

ಇವರು ನಕ್ಕರು. ಹೊರಗೆ ಬಂದ ಮೇಲೆ ಪಿಸುದನಿಯಲ್ಲಿ, "ಒಂಬತ್ತು ಅಂದ್ಲು ನೋಡ್ದಾ? ನಮ್ ಬೀದಿ ಎಣ್ಮಗಳೇ ಇರ್ಬೇಕು" ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಅನ್ನ ಇಳಿಯುತ್ತಿದೆ, ನೋವಿಲ್ಲ, ಒಂದು ತಿಂಗಳು ಮಾತು ಉಂಟು. ಅಷ್ಟು ಕೊಟ್ಟಳಲ್ಲ ತಾಯಿ.

ನಮ್ಮ ಒಬ್ಬಳೇ ಮಗಳು ರೇವತಿ ಆಗ ಕಾಲೇಜಿನ ಕೊನೆಯ ವರ್ಷದಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಮರುದಿನ ಕಾಲೇಜಿಗೆ ಹೋಗಿ, ಅದಾಗಲೇ ಒಪ್ಪಿಗೆಯಾಗಿದ್ದ ಪ್ರಾಜೆಕ್ಟನ್ನು ಬಿಟ್ಟು ಬೇರೆಯದಕ್ಕೆ ಅಪ್ಪಣೆ ತಂದಳು. ಅಪ್ಪ ಮಗ್ಗದ ಪಕ್ಕ ಕೂತು ಕೇಳುವುದನ್ನೆಲ್ಲ ಒಂದು ಯಂತ್ರ ಕೇಳಬೇಕು, ಅಪ್ಪ ಹೇಳುವುದನ್ನು ಹೇಳಬೇಕು. ಅಂಥದ್ದನ್ನು ಕಟ್ಟುವುದಕ್ಕೆ ಸಾಫ್ಟ್‌ವೇರ್‌ಗಳು ಇವೆಯಂತೆ. ಯಾವುದನ್ನು ಆರಿಸಬೇಕು ಎನ್ನುವುದೇ ಮೊದಲ ತಲೆನೋವು.

ನಮ್ಮ ಪಡಸಾಲೆಯಲ್ಲಿ ಅದರ ಪಂಚಾಯ್ತಿ ನಡೆಯಿತು. ಇವರು ಕಂಬಕ್ಕೆ ಒರಗಿ ಕೂತಿದ್ದರು. ಎದುರುಮನೆಯ ಸರೋಜಾ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಾ ಬಾಗಿಲಲ್ಲಿ ಕೂತಿದ್ದಳು. ಇವರನ್ನು ಅಣ್ಣ ಎನ್ನುವವಳು, ನಾಲಗೆ ಸ್ವಲ್ಪ ಉದ್ದ.

ಏನು ಕೇಳಿದರೂ ಪುಟಗಟ್ಟಲೆ ಉತ್ತರ ಕೊಡುವಂಥದ್ದೊಂದು ಫೋನಿನಲ್ಲಿ ಬರುತ್ತದಲ್ಲ, ರೇವತಿ ಮೊದಲು ಅದನ್ನೇ ಕೇಳಿದಳು, ನಮ್ಮ ಮಗ್ಗದಲ್ಲಿ ಅಂಚು ಎಳೆಯುತ್ತಿದೆ ಎಂದು. ಅದು ಬಲು ಮರ್ಯಾದೆಯಿಂದ, ಮೊದಲು ಮೋಟಾರ್ ಆಫ್ ಮಾಡಿ ಎಂದಿತು.

"ಮೋಟಾರಾ!" ಇವರು ನಕ್ಕು ನಕ್ಕು ಕೆಮ್ಮು ಬಂದು, ನಾನು ನೀರು ಹಿಡಿದು ಓಡಬೇಕಾಯಿತು. "ನಮ್ ಮೋಟಾರು ಈ ಎರಡು ಕಾಲೇ, ಕಣ್ಣು. ಆಫ್ ಮಾಡಾದು ಎಂಗೆ ಅಂತ ಕೇಳು." ಮಗಳನ್ನು ಅವರು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು.

ಇನ್ನೊಂದು ಬಗೆಯದು, ಫೋಟೋ ತೋರಿಸಿ ತೋರಿಸಿ ಕಲಿಸುವುದು. ಅದಕ್ಕೆ ಕೆಟ್ಟ ಬಟ್ಟೆಯ ಸಾವಿರಾರು ಫೋಟೋ ಬೇಕು ಎಂದಳು ರೇವತಿ.

"ಕೆಟ್ಟ ಸೀರೆ ಫೋಟೋ ಯಾವಳೇ ಇಡ್ಕೊಂಡವ್ಳೆ?" ಎಂದಳು ಸರೋಜಾ. "ಕೆಟ್ರೆ ಗಂಡನ ಕಣ್ಣಿಗೂ ಕಾಣ್ದಂಗೆ ಮಡ್ಚಿಡ್ತೀವಿ. ಫೋಟೋ ಅಂತೆ!"

ಮೂರನೆಯದನ್ನು ರೇವತಿ ನನ್ನ ಕಡೆ ತಿರುಗಿ ವಿವರಿಸಿದಳು. "ಅಮ್ಮಾ, ಇದು ಬರೀ ಅಡಿಗೆಮನೆ ಇದ್ದಂಗೆ. ಒಲೆ ಐತೆ, ಪಾತ್ರೆ ಐತೆ, ಉರಿ ಎಂಗಿಡಬೇಕು ಅಂತ ಅದಕ್ಕೆ ಗೊತ್ತು. ಸಾಮಾನು ಮಾತ್ರ ನಾವ್ ತುಂಬಬೇಕು. ಇಂಗಿದ್ರೆ ಇಂಗೆ, ಅಂಗಿದ್ರೆ ಅಂಗೆ ಅಂತ ಅಪ್ಪ ಏಳಿದ್ದನ್ನ ಒಂದೊಂದೇ ಬರೀತೀನಿ. ಅದನ್ನ ರೂಲ್ ಅಂತಾರೆ. ಯಾವ ರೂಲ್ ಯಾವಾಗ ಅಂತ ಅದೇ ನೋಡ್ಕೋತೈತೆ."

ಅಂಥವೂ ಎರಡಿದ್ದವು. ಒಂದು ಹಳೆಯದು, ಹೆಸರುವಾಸಿ, ಆದರೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಒಪ್ಪದು, ಕಾಲೇಜಿನ ಕಂಪ್ಯೂಟರ್ ಬಿಟ್ಟು ಕದಲದು. ಇನ್ನೊಂದು ಸಣ್ಣದು, ನಿಧಾನ, ಆದರೆ ಫೋನಿನಲ್ಲಿ ಓಡುತ್ತದೆ, ತಮಿಳು ಅಕ್ಷರ ತೆಗೆದುಕೊಳ್ಳುತ್ತದೆ. ನಮ್ಮ ಬೀದಿಯ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದರೆ ಎಲ್ಲರೂ ಓದುತ್ತಾರೆ. ಮತ್ತೆ ಅದರಲ್ಲಿ ಒಂದು ಗುಂಡಿಯಿತ್ತು. ಅದು ಏನಾದರೂ ಕೇಳಿದಾಗ, ಇದನ್ನು ಯಾಕೆ ಕೇಳುತ್ತೀಯ ಎಂದು ನಾವು ಒತ್ತಿದರೆ ಕಾರಣ ಹೇಳುತ್ತದೆ.

ಇವರು ಅದಕ್ಕೇ ಕೈ ತೋರಿಸಿದರು. "ಅದೇ ಇರ್ಲಿ. ಯಾಕೆ ಅಂತ ಏಳ್ದಿರೋನು ಮಗ್ಗದ ತಾವ ಕೂರ್ಬಾರ್ದು."

ಅಲ್ಲಿಂದ ಮಧ್ಯಾಹ್ನಗಳೆಲ್ಲ ಅಪ್ಪ ಮಗಳದ್ದಾದವು. ಮಳೆ ಹಿಡಿದುಕೊಂಡಿತ್ತು. ಅಂಗಳದ ತುಂಬ ನೀರು, ಒಳಗೆ ಇವರ ಒಡೆದ ದನಿ, ಲ್ಯಾಪ್‌ಟಾಪಿನ ಟಪಟಪ. ಡಾಕ್ಟರಮ್ಮ ಕಮ್ಮಿ ಮಾತಾಡಿ ಎಂದಿದ್ದರು. ನಾನು ಅಡಿಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಉಳಿದಿರುವ ಸ್ವಲ್ಪ ದನಿಯೂ ಗಂಜಿಗೆ, ಹಗ್ಗಕ್ಕೆ, ಲಾಳಿಗೆ ಖರ್ಚಾಗುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ನನಗೆ ಸಿಗುತ್ತಿದ್ದುದು ತಲೆಯಾಡಿಸುವುದು ಮಾತ್ರ. ಒಂದು ದಿನ ತಡೆಯಲಾಗದೆ ಬಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

"ಸಾಕು ಬುಡೇ. ನಿಂಗೆ ಪರೀಕ್ಷೆ ಪಾಸಾದ್ರೆ ಆಯ್ತು. ನಂಗೆ ಉಳಿಯೋದೇನು?"

ಅವಳು ಮುಖ ತಿರುಗಿಸಿಕೊಂಡಳು. ಇವರು ನನ್ನ ಸೆರಗು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನೀನೂ ಇಲ್ಲೇ ಕೂತ್ಕೋ. ನಿಂಗೂ ಅಂತ್ಲೇ ಏಳ್ತೀನಿ" ಎಂದರು. ಆಮೇಲಿನ ಮಧ್ಯಾಹ್ನಗಳಲ್ಲಿ ಸೊಪ್ಪು ಬಿಡಿಸುತ್ತಾ ನಾನೂ ಅಲ್ಲೇ ಕೂತೆ. ಮದುವೆಯಾದ ಮೇಲೆ ಅಷ್ಟು ಹೊತ್ತು ಹಗಲಿನಲ್ಲಿ ಒಟ್ಟಿಗೆ ಕೂತದ್ದೇ ಇಲ್ಲ. ಅದೂ ತಾಯಿ ಕೊಟ್ಟದ್ದೇ.

ದನಿಯನ್ನು ಫೋನಿನಲ್ಲಿ ಹಿಡಿದಿಡುತ್ತೇನೆ ಎಂದು ರೇವತಿ ಒಂದು ಸಲ ಹಿಡಿದೂ ಬಿಟ್ಟಿದ್ದಳು. ಹಾಕಿ ಕೇಳಿಸಿದಾಗ ಇವರು ಕೈ ಮುಗಿದರು. "ಬ್ಯಾಡ ಕಣ್ಣು. ಈ ಕತ್ತೆ ದನಿ ನಂದು ಅಂತ ಯಾರ ಕಿವಿಗೂ ಬೀಳಬಾರ್ದು. ಅಳ್ಸು." ಅಳಿಸಿದಳು.

ಮೊದಲ ರೂಲಿಗೇ ಜಗಳ. ಇವರು ಯಾವ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು "ಉಂಡ್ಯಾ?" ಎಂದು. ರೇವತಿ ಅದನ್ನು ಬಿಟ್ಟು ಎರಡನೆಯದರಿಂದ ಶುರು ಮಾಡಿದ್ದಳು.

"ಅದು ಮರ್ಯಾದಿಗೆ ಕೇಳೋ ಮಾತಪ್ಪಾ. ರೂಲ್ ಅಲ್ಲ."

"ಯಾವನೇ ಏಳ್ದೋನು? ಬರಿ. ಒಟ್ಟೆ ಕಾಲಿ ಇದ್ರೆ ಕಾಲು ನೆಟ್ಗೆ ತುಳಿಯಕ್ಕಿಲ್ಲ. ತುಳೀದಿದ್ರೆ ಲಾಳಿ ಓಡಾಕೆ ಎಳೆ ಬಾಯಿ ಬುಡಕ್ಕಿಲ್ಲ, ಲಾಳಿ ತಗಲ್ತೈತೆ, ಎಳೆ ಕಿತ್ತೋಗ್ತೈತೆ. ಅರ್ಧ ಮನೇಲಿ ಕೆಟ್ಟಿರಾದು ಮಗ್ಗ ಅಲ್ಲ ಕಣ್ಣು."

"ಸರಿ. ಇಲ್ಲ, ಉಂಡಿಲ್ಲ ಅಂತ ಒತ್ತಿದ್ರೆ ಏನಂತ ಏಳಬೇಕು?"

"ಮೊದ್ಲು ಉಣ್ಣು, ಆಮೇಲೆ ಮಗ್ಗ ನೋಡಾಣ ಅನ್ನು."

ಅವಳು ಹಾಗೆಯೇ ಬರೆದಳು.

ದೀಪಾವಳಿ ಹತ್ತಿರ ಬಂದಾಗ ಯಂತ್ರ ಸುಮಾರಾಗಿ ಮಾತು ಕಲಿತಿತ್ತು. ಸಣ್ಣ ಸಣ್ಣ ದೋಷಗಳಿಗೆ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಆಗ ಸರೋಜಾಳ ಮಗ್ಗದಲ್ಲಿ ಅಂಚು ಸುಕ್ಕು ಬೀಳತೊಡಗಿತು. ಮಳೆ ಬಂದ ದಿನ ಸುಕ್ಕು, ಬಿಸಿಲಿದ್ದ ದಿನ ಇಲ್ಲ. ರೇವತಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದಳು, ನಾವೂ ಹಿಂದೆ ಹೋದೆವು. ಯಂತ್ರ ಕೇಳಿತು, ಸರೋಜಾ ಹೇಳಿದಳು. ಮತ್ತೆ ಕೇಳಿತು, ಮತ್ತೆ ಹೇಳಿದಳು. ಕೊನೆಗೆ "ಗೊತ್ತಿಲ್ಲ" ಎಂದು ಬಂತು.

"ಇದು ಗೊತ್ತಿಲ್ಲ ಅನ್ನಾಕೆ ಇಷ್ಟೊತ್ತು ಬೇಕಿತ್ತಾ? ನಾನು ಮೊದಲೇ ಅಂದಿರ್ತಿದ್ದೆ" ಎಂದಳು ಸರೋಜಾ. ರೇವತಿಯ ಕಣ್ಣಲ್ಲಿ ನೀರು. ಇವರು ಒಂದು ಮಾತಿನಲ್ಲಿ ಹೇಳಿಬಿಟ್ಟರು. ಗೋಡೆ ಸೋರಿ ಹಾಸು ಬಿಗಿದ ಹಗ್ಗದ ಒಂದು ಕಡೆ ನೆನೆಯುತ್ತಿದೆ, ನೆನೆದ ಹಗ್ಗ ಕುಗ್ಗಿ ಆ ಕಡೆಯ ಎಳೆಗಳನ್ನು ಬಿಗಿಯುತ್ತಿದೆ, ಅಂಚು ಅದಕ್ಕೇ ಸುಕ್ಕು. ಅದಷ್ಟೂ ಯಂತ್ರದಲ್ಲಿ ಒಂದೊಂದು ರೂಲಾಗಿ ಇತ್ತು. ಎಲ್ಲ ಗೊತ್ತಿದ್ದೂ ಗೊತ್ತಿಲ್ಲ ಎಂದಿತ್ತು.

ರೇವತಿ ಎರಡು ದಿನ ಅನ್ನ ಸರಿಯಾಗಿ ಉಣ್ಣದೆ ಹುಡುಕಿದಳು. ಕಾಲೇಜಿನ ಮೇಡಂ ಜೊತೆ ಕೂತು ಕಂಡುಕೊಂಡು ಬಂದಳು. ಪ್ರತಿ ರೂಲಿನ ಪಕ್ಕದಲ್ಲೂ ಇದು ಎಷ್ಟು ಖಂಡಿತ ಎಂದು ಒಂದು ಅಂಕೆ ಬರೆಯಬೇಕು. ಅವಳು ಕೇಳಿದಾಗಲೆಲ್ಲ ಇವರು ಹತ್ತಕ್ಕೆ ಒಂಬತ್ತು ಎಂದಿದ್ದರು. ಒಂದು ರೂಲಾದರೆ ಚಿಂತೆಯಿಲ್ಲ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೋಗುವಾಗ ಯಂತ್ರ ಒಂಬತ್ತರಲ್ಲೂ ಒಂದು ಪಾಲು ಕಳೆಯುತ್ತದೆ, ಉಳಿದದ್ದರಲ್ಲೂ ಕಳೆಯುತ್ತದೆ. ದಾರಿ ಉದ್ದವಾದಷ್ಟೂ ಕರಗಿ, ಆರಕ್ಕಿಂತ ಕೆಳಗಿಳಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಸುಲಭದ್ದೆಲ್ಲ ಹೇಳುತ್ತಿತ್ತು. ಇವರನ್ನು ಬಿಟ್ಟು ಬೇರೆಯವರು ಹೇಳಲಾರದ್ದು ಏನಿತ್ತೋ ಅಲ್ಲೆಲ್ಲ ಮೂಕ.

"ಗ್ಯಾರಂಟಿ ಇರೋದಕ್ಕೆಲ್ಲ ಹತ್ತು ಅಂದ್ಬುಡಪ್ಪಾ. ನೆನೆದ ಹಗ್ಗ ಕುಗ್ಗೇ ಕುಗ್ತೈತಲ್ಲ?"

ಇವರು ತಲೆಯಾಡಿಸಿದರು. "ಆ ಒಂದು ನಂದಲ್ಲ ಕಣ್ಣು. ಅಮ್ಮಂದು, ಚೌಡಮ್ಮಂದು."

"ಅಪ್ಪಾ, ಅದು ಬರೀ ಅಂಕೆ! ಕೊನೆಗೆ ನಿಮ್ ಮಾತು ಯಾರ್ಗೂ ಸಿಗಾಕಿಲ್ಲ."

"ಸಿಗದಿದ್ರೆ ಬ್ಯಾಡ."

ಕೇಳದೆ ಅಂಕೆ ಬದಲಾಯಿಸಬಹುದಿತ್ತು, ಮಗಳು ಹಾಗೆ ಮಾಡಲಿಲ್ಲ. ಬೇರೆ ಸಾಫ್ಟ್‌ವೇರಿಗೆ ಹೋಗೋಣವೆಂದರೆ ಮೊದಲಿಂದ ಕೇಳಬೇಕು, ಕೇಳಲು ದನಿ ಇರಲಿಲ್ಲ. ಅಷ್ಟರಲ್ಲಿ ಪಿಸುಮಾತೂ ಕಷ್ಟವಾಗಿತ್ತು.

ದೀಪಾವಳಿಯ ಹಿಂದಿನ ದಿನ ನಮ್ಮ ಮಗ್ಗದ ಹಾಸು ಮುಗಿಯಿತು. ಅವರು ನೇಯ್ದ ಕೊನೆಯ ಸೀರೆ ಅದು. ಕತ್ತರಿಸುವಾಗ ಬಟ್ಟೆ ಹಿಡಿದುಕೊಳ್ಳುವುದು ನನ್ನ ಕೆಲಸ. ಕುಂಕುಮ ಹಚ್ಚಿ ಗೇಣು ಅಳೆಯುತ್ತಿದ್ದರು. ನನಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. "ಇಷ್ಟು ಎಳೆ ಐತಲ್ಲ, ಒಂದೊಂದು ಎಳೆಗೂ ಬೇರೆ ಬೇರೆ ಗೇಣು ಬಿಡ್ತೀವಾ ನಾವು? ಹಾಸಿಗೆಲ್ಲ ಸೇರ್ಸಿ ಒಂದೇ ಸಲ ತಾನೇ ಅಮ್ಮಂಗೆ ಬಿಡಾದು?" ಎಂದೆ.

ಕತ್ತರಿ ಹಿಡಿದ ಕೈ ನಿಂತಿತು. ನನ್ನನ್ನೇ ನೋಡಿದರು. ಆಮೇಲೆ ಆ ಗೇಣಿನ ಮೇಲೆ ಅಂಗೈ ಇಟ್ಟರು. ಮಗಳನ್ನು ಕೈಸನ್ನೆಯಲ್ಲಿ ಕರೆದು, "ಒಳಗೆಲ್ಲ ಹತ್ತು ಆಕ್ಕೋ. ಕೊನೇಲಿ ಒಂದು ಅಮ್ಮಂಗೆ ಬುಡು" ಎಂದರು.

ರೇವತಿ ಅಂಕೆಗಳನ್ನು ಬದಲಿಸಿದಳು. ಯಾವ ಉತ್ತರ ಬಂದರೂ ಅದರ ಕೆಳಗೆ ಒಂದು ಸಾಲು ಬರುವ ಹಾಗೆ ಮಾಡಿದಳು: ಹತ್ತಕ್ಕೆ ಒಂಬತ್ತು, ಮಿಕ್ಕಿದ್ದು ಅಮ್ಮನ ಕೈಲಿ. ದೀಪಾವಳಿಯ ದಿನ ಎಣ್ಣೆಸ್ನಾನ ಮುಗಿಸಿ ಸರೋಜಾಳ ಮನೆಯಲ್ಲಿ ಮತ್ತೆ ಕೇಳಿಸಿದಾಗ ಅದು ನೆನೆದ ಹಗ್ಗದವರೆಗೂ ಹೋಗಿ ನಿಂತಿತು. "ಅಣ್ಣಂಗೆ ಒಬ್ಬ ಮಗ ಉಟ್ಟಂಗಾಯ್ತು" ಎಂದು ಸರೋಜಾ ಯಂತ್ರಕ್ಕೇ ದೃಷ್ಟಿ ತೆಗೆದಳು. ಇವರು ನಗುತ್ತಲೇ ಇದ್ದರು. ಆ ನಗುವಿಗೂ ಸದ್ದಿರಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಹಸಿರು ಅಂಗಿ ತೊಡಿಸಿ ಮಂಚದಲ್ಲಿ ತಳ್ಳಿಕೊಂಡು ಹೊರಟರು. ನಾನು ಪಕ್ಕದಲ್ಲೇ ನಡೆದೆ. ಬಾಗಿಲ ಹತ್ತಿರ ಮಂಚ ನಿಂತಾಗ, ಏನಾದರೂ ಒಂದು ಮಾತು ಹೇಳಲಿ, ಬದುಕಿರುವವರೆಗೆ ಇಟ್ಟುಕೊಳ್ಳುತ್ತೇನೆ ಎಂದು ತಾಯಿಯನ್ನು ಬೇಡಿದೆ. ಅವರು ತುಟಿ ಅಲ್ಲಾಡಿಸಿದರು. ಬಗ್ಗಿ ಕಿವಿ ಕೊಟ್ಟೆ.

"ಉಂಡ್ಯಾ?"

"ಇಲ್ಲ. ವಿರದ" ಎಂದೆ. ಅಂದು ತಾಯಿಗೆಂದು ಉಪವಾಸ ಹಿಡಿದಿದ್ದೆ.

ಹುಬ್ಬು ಗಂಟಿಕ್ಕಿದರು. "ಉಣ್ಣು."

ಬಾಗಿಲು ಮುಚ್ಚಿತು.

ಆಮೇಲಿನದ್ದನ್ನು ಹೆಚ್ಚು ಬರೆಯಲಾರೆ. ಅವರು ಬದುಕಿ ಬಂದರು. ಒಂದು ಪೊಂಗಲ್, ಒಂದು ಆಡಿ, ಇನ್ನೊಂದು ಐಪ್ಪಸಿ ನಮ್ಮ ಜೊತೆ ಇದ್ದರು. ಯಾರಾದರೂ ಕರೆದರೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಹೋಗಿ ಕುಣಿಯ ಪಕ್ಕ ಕೂರುತ್ತಿದ್ದರು. ಫೋನ್ ಕೇಳುತ್ತಿತ್ತು, ಇವರು ತಲೆದೂಗುತ್ತಿದ್ದರು. ತಮ್ಮ ಮಾತನ್ನು ತಾವೇ ಎದುರು ಕೂತು ಕೇಳುವ ಭಾಗ್ಯ ಎಷ್ಟು ಜನರಿಗೆ ಉಂಟು ಎಂದುಕೊಳ್ಳುತ್ತಿದ್ದೆ. ಆಮೇಲೆ ಗಡ್ಡೆ ಮತ್ತೆ ಬಂತು. ಡಾಕ್ಟರಮ್ಮ ನನ್ನ ಕೈ ಹಿಡಿದು ಅತ್ತರು. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಹತ್ತಕ್ಕೆ ಹತ್ತು ಎಂದಿರಲೇ ಇಲ್ಲ.

ಈ ಸಲ ಆ ಜಗಲಿಯ ಮುಂದೆ ನಾನು ನಿಂತಿದ್ದುದನ್ನು ಸರೋಜಾ ನೋಡಿಬಿಟ್ಟಳು. ಅದು ಅವಳದೇ ಮನೆ. ಗಿಲಾವು ಹೊಸದು, ಬಣ್ಣ ಬೇರೆ, ಅದಕ್ಕೇ ನನಗೆ ಗುರುತು ಹತ್ತಿರಲಿಲ್ಲ. "ಅಯ್ಯೋ ಅತ್ತಿಗೆ, ಮಳೇಲಿ ಗೊಂಬೆ ಇದ್ದಂಗೆ ನಿಂತಿದ್ದೀರಲ್ಲ!" ಎಂದು ಎಳೆದುಕೊಂಡು ಹೋದಳು. ಅವಳ ಸೊಸೆ ಮಂಜುಳಾ ಮಗ್ಗದಲ್ಲಿ ಕೂತಿದ್ದಳು, ತೊಡೆಯ ಮೇಲೆ ಫೋನು.

"ದೊಡ್ಡತ್ತೆ, ನೀವೇ ಕೇಳಿ. ಮಾಮ ನಿಮ್ ಮಾತಾದ್ರೆ ಬ್ಯಾಗ ಕೇಳ್ತಾನೆ" ಎಂದು ನಗುತ್ತಾ ಫೋನನ್ನು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ನನ್ನ ಕೈಯಿಂದ ಒಂದು ಸಲವೂ ಒತ್ತಿರಲಿಲ್ಲ. ಮಗಳ ಫೋನಿನಲ್ಲೂ ಇದೆ, ಮುಟ್ಟಲು ಧೈರ್ಯ ಬಂದಿರಲಿಲ್ಲ. ಮೊದಲಿಂದ ಎಂದು ಬರೆದಿದ್ದ ಕಡೆ ಒತ್ತಿದೆ. ಬಿಳಿ ಪರದೆಯ ಮೇಲೆ ತಮಿಳು ಅಕ್ಷರದಲ್ಲಿ ನಮ್ಮ ಮಾತು ಬಂತು.

ಉಂಡ್ಯಾ?

ಕೆಳಗೆ ಎರಡು ಗುಂಡಿ. ಸುಳ್ಳು ಒತ್ತಲು ಮನಸ್ಸಾಗಲಿಲ್ಲ. ಇಲ್ಲ ಎಂದು ಒತ್ತಿದೆ.

ಮೊದ್ಲು ಉಣ್ಣು. ಆಮೇಲೆ ಮಗ್ಗ ನೋಡಾಣ.

ಕಣ್ಣು ಮಂಜಾಗಿ ಆಮೇಲಿನ ಸಾಲು ಓದಲಾಗಲಿಲ್ಲ. ಓದಬೇಕಾಗಿಯೂ ಇರಲಿಲ್ಲ. "ಯಾಕತ್ತಿಗೆ, ಏನಾಯ್ತು?" ಎಂದು ಸರೋಜಾ ಗಾಬರಿಯಾದಳು. ಫೋನನ್ನು ಮಂಜುಳಾಳ ಕೈಗೆ ಕೊಟ್ಟು ಗುಡಿಯ ಕಡೆಗೆ ಒಂದು ಸಲ ಕೈ ಮುಗಿದೆ. ಪೂಜೆ ಇನ್ನೂ ಆಗಿರಲಿಲ್ಲ.

"ಒಂಚೂರು ಮೊಸರನ್ನ ಇದ್ರೆ ಇಕ್ಕೇ ಸರೋಜಾ" ಎಂದು ಕುಣಿಯ ಪಕ್ಕ ನೆಲದ ಮೇಲೆಯೇ ಕೂತೆ.